ಉಸಿರು ಕಟ್ಟಿದಾಗ ಗಂಟೆ ಬಾರಿಸೋದು ಯಾರು?

ಹಾಸ್ಟೆಲಿನಲ್ಲಿ ಕರೆಂಟ್ ಹೋದ ಒಂದು ಸಂಜೆ ನಾವು ಏಳೆಂಟು ಮಂದಿ ಕಾರಿಡಾರಿನಲ್ಲಿ ಕೂತು ಉಸಿರು ಕಟ್ಟೋ ಪಂದ್ಯ ಆಡಿದ್ವಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕೋದು, ಮೂಗು ಹಿಡ್ಕೊಂಡು ಕೂರೋದು, ಅಷ್ಟೇ. ಮೊದಲ ಸುತ್ತಿನಲ್ಲಿ ಯಾರೂ ಒಂದು ನಿಮಿಷ ದಾಟಲಿಲ್ಲ. ಆಗ ನಮ್ಮಲ್ಲೊಬ್ಬ, "ಮೊದಲು ಇಪ್ಪತ್ತು ಸಲ ಜೋರಾಗಿ ಉಸಿರಾಡಿ, ಆಮೇಲೆ ಕಟ್ಟಿ. ಆಕ್ಸಿಜನ್ ಫುಲ್ ಟ್ಯಾಂಕ್ ಆಗುತ್ತೆ" ಅಂದ. ಹಾಗೇ ಮಾಡಿದ್ವಿ, ಎಲ್ಲರ ಟೈಮಿಂಗೂ ಏರಿತು. ತಲೆ ಸ್ವಲ್ಪ ತಿರುಗಿತು, ಬೆರಳ ತುದಿ ಜುಮ್ಮೆಂದಿತು. ಅದನ್ನ ಯಾರೂ ಮನಸ್ಸಿಗೆ ಹಚ್ಕೊಳ್ಳಲಿಲ್ಲ. ಮುಂದಿನ ಭಾನುವಾರ ಇದನ್ನೇ ಈಜುಕೊಳದಲ್ಲಿ ಮಾಡೋಣ ಅಂತ ತೀರ್ಮಾನವೂ ಆಯ್ತು. ಅದಕ್ಕೆ ಮೊದಲು ಈ 'ಫುಲ್ ಟ್ಯಾಂಕ್' ಲೆಕ್ಕ ಸರಿಯಾ ಅಂತ ಕೂತು ನೋಡಿದ್ವಿ. ಸರಿ ಇರಲಿಲ್ಲ.

ಶ್ವಾಸಕೋಶ ಅಂದ್ರೆ ಎರಡು ಬಲೂನು ಅಂತ ನಮ್ಮಲ್ಲಿ ಹಲವರ ಕಲ್ಪನೆ. ಮೆಕ್ಯಾನಿಕಲ್‌ನವರಿಗೆ ಗೊತ್ತಿರೋ ಹೀಟ್ ಎಕ್ಸ್‌ಚೇಂಜರ್‌ಗೆ ಅದನ್ನ ಹೋಲಿಸೋದು ಹೆಚ್ಚು ಸರಿ. ಶ್ವಾಸನಾಳ ಕವಲೊಡೆಯುತ್ತಾ ಹೋಗಿ ಕೊನೆಗೆ 30 ಕೋಟಿಗೂ ಹೆಚ್ಚು ಪುಟಾಣಿ ಗಾಳಿಚೀಲಗಳಲ್ಲಿ ಮುಗಿಯುತ್ತೆ. ಅವುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದ್ರೆ ನಮ್ಮ ಬ್ಯಾಡ್ಮಿಂಟನ್ ಕೋರ್ಟಿಗಿಂತ ಸ್ವಲ್ಪ ಚಿಕ್ಕದು. ಪ್ರತಿ ಚೀಲದ ಸುತ್ತ ಲೋಮನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ತೆಳುವಾದ ಕಡೆ ಅರ್ಧ ಮೈಕ್ರಾನಿನಷ್ಟು. ತಲೆಕೂದಲಿನ ದಪ್ಪದ ನೂರನೇ ಒಂದು ಪಾಲು ಅಂದ್ಕೊಳ್ಳಿ.

ಈ ಗೋಡೆ ದಾಟಿಸೋಕೆ ಪಂಪ್ ಯಾವುದೂ ಇಲ್ಲ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದ್ರೆ ನೂರು ವರ್ಷದ ಹಿಂದೆ ಇದೇ ದೊಡ್ಡ ಜಗಳವಾಗಿತ್ತು. ನಾವು ಪಿಯುಸಿಯಲ್ಲಿ ಉರು ಹೊಡೆದ ಪರಮಾಣು ಮಾದರಿಯ ನೀಲ್ಸ್ ಬೋರ್ ಇದ್ದಾರಲ್ಲ, ಅವರ ತಂದೆ ಕ್ರಿಶ್ಚಿಯನ್ ಬೋರ್ ಡೆನ್ಮಾರ್ಕಿನ ಶರೀರವಿಜ್ಞಾನಿ. ಶ್ವಾಸಕೋಶ ಆಮ್ಲಜನಕವನ್ನ ತಾನೇ ರಕ್ತದೊಳಕ್ಕೆ ಸ್ರವಿಸುತ್ತೆ ಅನ್ನೋದು ಅವರ ವಾದ. ಅವರದೇ ಶಿಷ್ಯ ಆಗಸ್ಟ್ ಕ್ರೋಗ್, ಪತ್ನಿ ಮೇರಿ ಕ್ರೋಗ್ ಜೊತೆ ಸೇರಿ, 1910ರಲ್ಲಿ ಪ್ರಯೋಗಗಳ ಮೂಲಕ ಗುರುವಿನ ಮಾತು ತಪ್ಪು ಅಂತ ತೋರಿಸಿದರು. ಎಲ್ಲ ಬರೀ ಡಿಫ್ಯೂಷನ್. ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಅನಿಲ ತಾನಾಗೇ ಹರಿಯುತ್ತೆ. ಗುರುವಿಗೆ ಎದುರಾಡೋದು ಆಗ ಎಷ್ಟು ಕಷ್ಟವಿತ್ತೋ, ನಮಗಂತೂ ವೈವಾದಲ್ಲೇ ಬಾಯಿ ಬರೋದಿಲ್ಲ.

ಒತ್ತಡದ ಲೆಕ್ಕ ಹೀಗಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ, ಅದರಲ್ಲಿ ಆಮ್ಲಜನಕದ ಪಾಲು ಸುಮಾರು 160. ಒಳಗೆ ಹೋದ ಗಾಳಿ ನೀರಾವಿಯ ಜೊತೆಗೂ ಹಳೇ ಗಾಳಿಯ ಜೊತೆಗೂ ಬೆರೆಯೋದ್ರಿಂದ ಗಾಳಿಚೀಲದಲ್ಲಿ ಉಳಿಯೋದು 100. ದೇಹ ಸುತ್ತಿ ಬಂದ ರಕ್ತದಲ್ಲಿ 40. ಈ 60ರ ವ್ಯತ್ಯಾಸವೇ ಆಮ್ಲಜನಕವನ್ನ ಒಳಗೆ ತಳ್ಳೋದು. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ 45, ಚೀಲದಲ್ಲಿ 40, ವ್ಯತ್ಯಾಸ ಬರೀ 5. ಇಷ್ಟರಲ್ಲೇ ಅದು ಹೊರಗೆ ಬರೋದು ಹೇಗೆ? ಅದು ನೀರಲ್ಲಿ ಚೆನ್ನಾಗಿ ಕರಗುತ್ತೆ, ಹಾಗಾಗಿ ಒದ್ದೆ ಗೋಡೆಯನ್ನ ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸುಲಭವಾಗಿ ದಾಟುತ್ತೆ. ಒಂದು ಕೆಂಪು ರಕ್ತಕಣ ಗಾಳಿಚೀಲದ ಪಕ್ಕ ಇರೋದು ಮುಕ್ಕಾಲು ಸೆಕೆಂಡು. ಅದರ ಮೂರನೇ ಒಂದು ಭಾಗದಲ್ಲೇ ಆಮ್ಲಜನಕ ತುಂಬಿ ಆಗಿರುತ್ತೆ. ಡಿಸೈನ್ ಮಾರ್ಜಿನ್ ಚೆನ್ನಾಗೇ ಇಟ್ಟಿದ್ದಾರೆ.

ಈಗ ಫುಲ್ ಟ್ಯಾಂಕ್ ವಿಷಯಕ್ಕೆ ಬರೋಣ. ರಕ್ತದ ಆಮ್ಲಜನಕದಲ್ಲಿ ಶೇ. 98ಕ್ಕೂ ಹೆಚ್ಚು ಇರೋದು ಹಿಮೋಗ್ಲೋಬಿನ್ ಹಿಡಿದುಕೊಂಡು. ಸುಮ್ಮನೆ ಕೂತಿದ್ದಾಗಲೇ ಆ ಹಿಮೋಗ್ಲೋಬಿನ್ ಶೇ. 97ರಷ್ಟು ತುಂಬಿರುತ್ತೆ. ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ತೋರಿಸೋದು ಇದನ್ನೇ. ಅಂದ್ಮೇಲೆ ಜೋರಾಗಿ ಉಸಿರಾಡಿ ರಕ್ತಕ್ಕೆ ಇನ್ನೆಷ್ಟು ತುಂಬೋಕಾಗುತ್ತೆ? ಶ್ವಾಸಕೋಶದೊಳಗಿನ ಗಾಳಿ ಸ್ವಲ್ಪ ತಾಜಾ ಆಗುತ್ತೆ ನಿಜ, ಆದ್ರೆ ದೊಡ್ಡ ಬದಲಾವಣೆ ಆಗೋದು ಇನ್ನೊಂದು ಕಡೆ. ಇಂಗಾಲದ ಡೈಆಕ್ಸೈಡ್ 40ರಿಂದ 20ರ ಆಸುಪಾಸಿಗೆ ಇಳಿದುಬಿಡಬಹುದು. ತಲೆ ತಿರುಗಿದ್ದು, ಬೆರಳು ಜುಮ್ಮೆಂದಿದ್ದು ಅದರಿಂದಲೇ. ಅದು ಇಳಿದರೆ ಮೆದುಳಿನ ರಕ್ತನಾಳ ಕಿರಿದಾಗುತ್ತೆ.

ಎಡವಟ್ಟು ಇರೋದು ಸೆನ್ಸರಿನಲ್ಲಿ. 'ಸಾಕು, ಉಸಿರು ತಗೋ' ಅನ್ನೋ ಆ ತಡೆಯಲಾರದ ಒತ್ತಾಯ ಹುಟ್ಟೋದು ಆಮ್ಲಜನಕ ಮುಗೀತು ಅಂತಲ್ಲ, ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್ ಏರಿತು ಅಂತ. ಪೆಟ್ರೋಲ್ ಗೇಜ್ ಬಿಟ್ಟು ಸೈಲೆನ್ಸರ್ ಹೊಗೆ ನೋಡಿ ಬೈಕಲ್ಲಿ ಎಷ್ಟು ಪೆಟ್ರೋಲ್ ಇದೆ ಅಂತ ಅಂದಾಜು ಮಾಡಿದ ಹಾಗೆ. ಕತ್ತಿನ ರಕ್ತನಾಳದ ಬಳಿ ಆಮ್ಲಜನಕ ಅಳೆಯೋ ಸೆನ್ಸರೂ ಒಂದಿದೆ, ಆದ್ರೆ ಅದು ಗಟ್ಟಿಯಾಗಿ ಕೂಗೋದು ಒತ್ತಡ 60ಕ್ಕಿಂತ ಕೆಳಗೆ ಬಂದಾಗ. ಇಂಗಾಲದ ಡೈಆಕ್ಸೈಡ್ ಕಡಿಮೆ ಇದ್ದರೆ ಅದರ ಕೂಗೂ ಕ್ಷೀಣ. ದಿನನಿತ್ಯದಲ್ಲಿ ಎರಡೂ ಅನಿಲ ಜೊತೆಜೊತೆಗೇ ಬದಲಾಗೋದ್ರಿಂದ ಈ ಏರ್ಪಾಟು ನಡೆಯುತ್ತೆ. ನಾವು ಬೇಕಂತಲೇ ಒಂದನ್ನ ಹೊರಗೆ ಚೆಲ್ಲಿದ್ವಿ, ಅಲಾರಂ ತಡವಾಯ್ತು, ಟೈಮಿಂಗ್ ಏರಿತು. ಆಮ್ಲಜನಕ ಮಾತ್ರ ತನ್ನ ಪಾಡಿಗೆ ನಿಮಿಷಕ್ಕೆ 250 ಮಿಲಿಲೀಟರಿನಂತೆ ಖರ್ಚಾಗುತ್ತಲೇ ಇತ್ತು. ಈಜುವಾಗ ಇನ್ನೂ ಬೇಗ.

ಕಾರಿಡಾರಿನಲ್ಲಿ ಎಚ್ಚರ ತಪ್ಪಿದರೆ ಉಸಿರು ತಾನಾಗೇ ಶುರುವಾಗುತ್ತೆ, ತಲೆ ಎಲ್ಲೂ ಬಡಿಯದಿದ್ದರೆ ಸಾಕು. ನೀರಿನಲ್ಲೂ ಅದೇ ಉಸಿರು ಶುರುವಾಗುತ್ತೆ, ಒಳಗೆ ಹೋಗೋದು ನೀರು. ಎದೆಮಟ್ಟದ ನೀರೂ ಸಾಕು. ಕ್ವಾರಿ, ಬಾವಿ ಅಂತ ಆಳಕ್ಕೆ ಇಳಿಯೋರಿಗೆ ಇನ್ನೊಂದು ಮೋಸ ಕಾದಿದೆ. 10 ಮೀಟರ್ ಕೆಳಗೆ ಒತ್ತಡ ಎರಡು ಪಟ್ಟು, ಹಾಗಾಗಿ ಗಾಳಿಚೀಲದಲ್ಲಿ ಉಳಿದಿರೋ ಚೂರು ಆಮ್ಲಜನಕವೂ ರಕ್ತಕ್ಕೆ ನುಗ್ಗುತ್ತೆ, ಎಲ್ಲ ಸರಿ ಇದೆ ಅನ್ನಿಸುತ್ತೆ. ಮೇಲೆ ಬರ್ತಾ ಬರ್ತಾ ಒತ್ತಡ ಅರ್ಧವಾಗುತ್ತೆ, ಜೊತೆಗೆ ಆಮ್ಲಜನಕದ್ದೂ. ಮೇಲ್ಮೈ ಇನ್ನೇನು ಸಿಕ್ಕಿತು ಅನ್ನೋವಾಗಲೇ ಎಚ್ಚರ ತಪ್ಪಬಹುದು.

ಹೀಗೆ ಎಚ್ಚರ ತಪ್ಪಿದವರು ಕೈಕಾಲು ಬಡಿಯೋದಿಲ್ಲ, ಕೂಗೋದಿಲ್ಲ. ದಡದಲ್ಲಿ ಸ್ಟಾಪ್‌ವಾಚ್ ಹಿಡಿದವನಿಗೆ ಅವನು ಪಂದ್ಯ ಗೆಲ್ತಿರೋ ಹಾಗೇ ಕಾಣುತ್ತೆ. ನಮ್ಮ ಭಾನುವಾರದ ಪಂದ್ಯ ರದ್ದಾಯ್ತು. ಕಾರಿಡಾರಿನದು ಆಗಾಗ ನಡೆಯುತ್ತೆ, ನೆಲದ ಮೇಲೆ ಕೂತು, ಜೋರು ಉಸಿರಿನ ಸುತ್ತು ಬಿಟ್ಟು. ಯಾರೂ ಒಂದು ನಿಮಿಷ ದಾಟೋದಿಲ್ಲ.