ಮನೆಯಲ್ಲಿ ಸ್ಪೀಕರ್: ತಪ್ಪು ಕಲ್ಪನೆ ಮತ್ತು ಸತ್ಯ

ಮನೆಯಲ್ಲಿ ಕಿವಿಗೆ ಬೀಳುವ ಧ್ವನಿಯಲ್ಲಿ ಸ್ಪೀಕರಿನಿಂದ ನೇರವಾಗಿ ಬರುವುದು ಒಂದು ಪಾಲು ಮಾತ್ರ. ಉಳಿದದ್ದು ಗೋಡೆ, ನೆಲ, ತಾರಸಿಗೆ ಬಡಿದು ಬರುತ್ತದೆ. ಬೆಂಗಳೂರಿನ ಉತ್ತರಕ್ಕಿರುವ ಸಿಂಗಾಪುರ, ವಿದ್ಯಾರಣ್ಯಪುರದ ಕಡೆ 30x40 ಅಡಿ ಸೈಟಿನಲ್ಲಿ ಎದ್ದ ಮನೆಗಳಲ್ಲಿ ಹೀಗೆ ಬಡಿದು ಬರುವ ಪಾಲು ಇನ್ನೂ ಹೆಚ್ಚು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್, ಮೇಲೆ ಕಾಂಕ್ರೀಟ್, ಸುತ್ತ ನುಣ್ಣನೆಯ ಪ್ಲಾಸ್ಟರ್ ಗೋಡೆ. ಎಲ್ಲವೂ ಗಟ್ಟಿ ಮೈಯವೇ. ಖಾಲಿ ಹಾಲ್‌ನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಝಿರ್ರೆಂದು ಒಂದು ಕ್ಷಣ ಉಳಿಯುತ್ತದೆ. ಹಾಡಿನ ಸಾಹಿತ್ಯ ಸ್ಪಷ್ಟವಾಗಿ ಕೇಳಿಸದಿರುವುದಕ್ಕೆ ಬಹಳಷ್ಟು ಸಲ ಇದೇ ಕಾರಣ. ದೂರು ಮಾತ್ರ ಸ್ಪೀಕರಿನ ಮೇಲೆ.

ಸ್ಪೀಕರನ್ನು ಮೂಲೆಗೆ ತಳ್ಳಿದರೆ ಬೇಸ್ ಚೆನ್ನಾಗಿ ಬರುತ್ತದೆ ಎಂಬುದು ಎಲ್ಲಕ್ಕಿಂತ ಹೆಚ್ಚು ಹರಡಿರುವ ನಂಬಿಕೆ. ಬೇಸ್ ಹೆಚ್ಚಾಗುವುದು ನಿಜ, ಚೆನ್ನಾಗುವುದು ನಿಜವಲ್ಲ. ಹತ್ತಿರದ ಒಂದೊಂದು ಗೋಡೆಯೂ ಕೆಳಸ್ವರಗಳನ್ನು 6 ಡೆಸಿಬಲ್‌ವರೆಗೆ ಏರಿಸಬಲ್ಲದು. ಆ ಏರಿಕೆ ಎಲ್ಲ ಸ್ವರಕ್ಕೂ ಒಂದೇ ಸಮ ಇರುವುದಿಲ್ಲ. 12 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್ ಮತ್ತು ಅದರ ಗುಣಕಗಳಾದ 94, 141 ಹರ್ಟ್ಜ್‌ನ ಸ್ವರಗಳು ಉಬ್ಬಿಕೊಂಡು ನಿಲ್ಲುತ್ತವೆ. ಮೃದಂಗದ ಎಡಬದಿಯ ಗುಮ್ಕಿ ಇಂಥ ಕೋಣೆಯಲ್ಲಿ ಜಾರಿ ಏರುವ ನಾದವಾಗಿ ಕೇಳಿಸದೆ ಬರೀ ಗುಂಯ್‌ಗುಡುತ್ತದೆ. ಹಿಂದಿನ ಗೋಡೆಯಿಂದ ಒಂದೂವರೆ, ಎರಡು ಅಡಿ ಮುಂದಕ್ಕೆ ಎಳೆದರೆ ಸಾಕು, ಸ್ವರದ ಅಂಚು ತಿಳಿಯಾಗುತ್ತದೆ. ಟಿವಿ ಯೂನಿಟ್ಟಿನ ಗೂಡಿನೊಳಗೆ ಸ್ಪೀಕರ್ ಕೂರಿಸುವುದು ಮೂಲೆಗಿಂತಲೂ ಕೆಟ್ಟದ್ದು.

ಕೂರುವ ಜಾಗದ ಕಡೆ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಆ ಉಬ್ಬಿದ ಸ್ವರಗಳ ಒತ್ತಡ ಗೋಡೆಯ ಬುಡದಲ್ಲೇ ಅತಿ ಹೆಚ್ಚು. ಸೋಫಾ ಗೋಡೆಗೆ ಅಂಟಿದ್ದರೆ ಯಾವ ಸ್ಪೀಕರ್ ತಂದರೂ ಬೇಸ್ ದಪ್ಪವಾಗಿಯೇ ಕೇಳುತ್ತದೆ. ಕೋಣೆಯ ನಟ್ಟನಡುವೆ ಕೂತರೆ ಅವುಗಳಲ್ಲಿ ಮೊದಲನೆಯ, 47 ಹರ್ಟ್ಜ್‌ನ ಸ್ವರ ಬಹುತೇಕ ಮಾಯವಾಗುತ್ತದೆ. ಜಾಗ ಇರುವಷ್ಟು, ಒಂದು ಅಡಿಯಾದರೂ, ಸೋಫಾ ಮುಂದೆ ಬರಲಿ. ಎರಡು ಸ್ಪೀಕರ್ ಮತ್ತು ಕೇಳುಗ ಸಮಬಾಹು ತ್ರಿಕೋನವಾಗಿ, ಮೇಲಿನ ಸ್ವರ ನುಡಿಸುವ ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ ಮೂರು ಅಡಿಯ ಆಸುಪಾಸಿನಲ್ಲಿದ್ದರೆ ಗಾಯಕರ ಧ್ವನಿ ನಡುಮಧ್ಯದಿಂದ ಬರುತ್ತದೆ. ಸಜ್ಜಾದ ಮೇಲಿಟ್ಟರೆ ಧ್ವನಿ ಮನೆಯೆಲ್ಲ ಹರಡುತ್ತದೆ ಎಂಬ ಮಾತಿದೆ. ಆದರೆ ಟ್ವೀಟರಿನ ಸೂಕ್ಷ್ಮ ಸ್ವರಗಳು ಅಲ್ಲಿಂದ ತಲೆಯ ಮೇಲೇ ಹಾದುಹೋಗುತ್ತವೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೀರುತ್ತದೆ, ಪಕ್ಕದ ಮನೆಗೂ ಹೋಗುವುದಿಲ್ಲ ಎಂಬ ನಂಬಿಕೆ ಎರಡು ಕಡೆಯಿಂದಲೂ ತಪ್ಪು. ತೆಳು ರಟ್ಟು ಮೇಲಿನ ಕೆಲವು ಸ್ವರಗಳನ್ನಷ್ಟೇ ಮುಟ್ಟುತ್ತದೆ. ಏಳು ಮೀಟರ್ ಉದ್ದದ ಬೇಸ್ ಅಲೆಗೆ ಅದು ಲೆಕ್ಕಕ್ಕೇ ಇಲ್ಲ. ಬೆಂಕಿಗೂ ಬೇಗ ತುತ್ತಾಗುತ್ತದೆ. ಸದ್ದು ಆಚೆ ಹೋಗದಂತೆ ತಡೆಯಲು ಗೋಡೆಗೆ ತೂಕ ಇರಬೇಕು, ಬಾಗಿಲು ಕಿಟಕಿಗಳಲ್ಲಿ ಸಂದು ಇರಬಾರದು. ಒಳಗಿನ ಮಾರ್ದನಿ ತಗ್ಗಿಸಲು ದಪ್ಪ ಜಮಖಾನ, ಮಡಿಕೆ ಬಿಟ್ಟ ಭಾರದ ಪರದೆ, ಪುಸ್ತಕ ತುಂಬಿದ ಕಪಾಟು ಸಾಕಷ್ಟು ಕೆಲಸ ಮಾಡುತ್ತವೆ.

ವಾಟ್ ಹೆಚ್ಚಿದ್ದಷ್ಟೂ ಧ್ವನಿ ಹೆಚ್ಚು ಎಂಬ ಲೆಕ್ಕವೂ ಸರಿಯಲ್ಲ. 50 ವಾಟ್ 100 ಆದರೆ ಏರುವುದು 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗುವ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಅಂಕಿಯನ್ನು ಬಿಟ್ಟು ಆರ್‌ಎಂಎಸ್ (ನಿರಂತರ ಶಕ್ತಿ) ನೋಡಬೇಕು. ಸಣ್ಣ ಆಂಪ್ಲಿಫೈಯರ್‌ನಿಂದ ಸ್ಪೀಕರಿಗೆ ಅಪಾಯವಿಲ್ಲ ಎಂಬುದೂ ಸುಳ್ಳು: ಅದನ್ನು ಮಿತಿ ಮೀರಿ ತಿರುಗಿಸಿ ಧ್ವನಿ ಒಡೆಯತೊಡಗಿದಾಗ ಟ್ವೀಟರ್ ಸುಟ್ಟುಹೋಗಬಹುದು.

ದುಬಾರಿ ತಂತಿಯೂ ಬೇಕಿಲ್ಲ. ಹದಿನೈದು ಅಡಿಯ ದೂರಕ್ಕೆ 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ ಧಾರಾಳ. ಎರಡೂ ಸ್ಪೀಕರಿನಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿದೆಯೇ ಎಂದು ನೋಡುವುದು ಮುಖ್ಯ. ಒಂದರಲ್ಲಿ ಮಾತ್ರ ಅದಲು ಬದಲಾದರೆ ಬೇಸ್ ಸೊರಗುತ್ತದೆ.

ಬೇಸ್ ತಾರಸಿ, ಕಂಬಗಳ ಮೂಲಕವೂ ಸಾಗುವುದರಿಂದ ಬಾಗಿಲು ಹಾಕಿದರೂ ಮೇಲಿನ ಮನೆಗೆ ಕೇಳುತ್ತದೆ. ಹಾಗಾಗಿ ಕಾನೂನಿನ ಮಿತಿಯೂ ನೆನಪಿರಲಿ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45.