ಮನೆಯ ಕಿರಿಯ ಯಂತ್ರಜ್ಞ

ಹದಿನಾರರ ಹುಡುಗನಿಗೆ ಯಂತ್ರವಿದ್ಯೆಯ ಒಲವು ಹತ್ತಿತೆಂದರೆ ಮನೆಯವರಿಗೆ ಎರಡು ನಾಲಗೆ ಹುಟ್ಟುತ್ತವೆ. ನನ್ನ ಸೋದರಳಿಯನನ್ನು ಕಂಡೇ ಈ ಮಾತು ಹೇಳುತ್ತಿದ್ದೇನೆ. “ಹಗಲಿರುಳೂ ಆ ಕಂಪ್ಯೂಟರಿನ ಮುಂದೆ ಕುಳಿತು ಕಣ್ಣು ಕಳೆದುಕೊಳ್ಳುತ್ತೀಯೆ” ಎಂದು ಗದರಿದ ನಾಲಗೆಯೇ ಮರುಗಳಿಗೆಯಲ್ಲಿ, “ಈ ಫೋನು ಯಾಕೋ ಮುಷ್ಕರ ಹೂಡಿದೆ, ಸ್ವಲ್ಪ ನೋಡಪ್ಪ” ಎಂದು ಬೆಣ್ಣೆಯಾಗುತ್ತದೆ.

ಈಚೆಗೆ ನಮ್ಮ ತಂದೆಯವರು, ಇಪ್ಪತ್ತೈದು ವರ್ಷಗಳ ಹಿಂದೆ ತಾವು ಬೆರಳಚ್ಚು ಮಾಡಿಸಿಟ್ಟಿದ್ದ ಊರಿನ ನೆನಪುಗಳ ಕಡತವನ್ನು ತೆರೆಸಿದರು. ಕನ್ನಡವಿರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! “ಇವನೇ ಏನೋ ಕೆಡಿಸಿರಬೇಕು” ಎಂದು ತೀರ್ಪಾಯಿತು. ಕಾರಣ ಬಲ್ಲವನು ಆ ಆರೋಪಿಯೊಬ್ಬನೇ. ಹಳೆಯ ಫಾಂಟುಗಳಲ್ಲಿ ನಮ್ಮ ಒತ್ತು, ಕೊಂಬು, ತಲೆಕಟ್ಟುಗಳೆಲ್ಲ ಇಂಗ್ಲಿಷ್ ಲಿಪಿಯ ಮನೆಗಳಲ್ಲಿ ಬಾಡಿಗೆಗಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ಮನೆಯ ಒಡೆಯನೇ ಬಾಗಿಲು ತೆರೆಯುತ್ತಾನೆ. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆಂದೇ 128 ಮನೆಗಳ ಕೇರಿಯನ್ನು ಮೀಸಲಿಟ್ಟಿತು. ಕಡತವಾದರೋ ಹಳೆಯ ಬಾಡಿಗೆಯಲ್ಲೇ ಉಳಿದಿತ್ತು.

ಎರಡು ರಾತ್ರಿ ಕುಳಿತು ಹುಡುಗ ಒಂದೊಂದು ತುಂಡನ್ನೂ ಸ್ವಂತ ಮನೆಗೆ ಸೇರಿಸಿದ. ತಾತ ತಮ್ಮ ತಾಯಿಯ ಹೆಸರನ್ನು ಓದಿ ಕಣ್ಣೊರೆಸಿಕೊಂಡರು. ಅವನು ಉತ್ಸಾಹದಿಂದ ಕೆಲಸದ ಬಗೆಯನ್ನು ವಿವರಿಸಹೊರಟರೆ, “ಸರಿಹೋಯಿತಲ್ಲ, ಊಟಕ್ಕೆ ಏಳು” ಎಂದಳು ಅವನ ತಾಯಿ.

ಕೆಟ್ಟ ಯಂತ್ರ ಅಂಥ ಹುಡುಗರನ್ನು ದಣಿಸದು. “ಆಯಿತೇ?” ಎನ್ನುವವರು ಮನೆತುಂಬ ಇದ್ದು, “ಹೇಗಾಯಿತು?” ಎನ್ನುವವರಿಲ್ಲದಿರುವುದೇ ಅವರನ್ನು ದಣಿಸುತ್ತದೆ. ಅರ್ಥವಾಗದಿದ್ದರೂ ಚಿಂತೆಯಿಲ್ಲ, ಹತ್ತು ನಿಮಿಷ ಕಿವಿಗೊಟ್ಟರೆ ಊಟವೇನೂ ಹಳಸದು.