ಹದಿನಾರು ಅಳಿಯಂದಿರ ಹೆಡತಲೆ

ಅಳಿಯ ಮುನಿಸಿಕೊಂಡರೆ ಎಷ್ಟು ರಂಪವಾಗುತ್ತದೆ ಎಂಬುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಒಬ್ಬನನ್ನು ಸಂಭಾಳಿಸುವುದೇ ಕಷ್ಟ, ಹದಿನಾರು ಮಂದಿ ಇದ್ದರೆ? ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಇದಕ್ಕೊಂದು ಕಲ್ಲಿನ ಉತ್ತರವಿದೆ.

ಊರಿನ ಲಕ್ಷ್ಮೀಕಾಂತ ದೇವಾಲಯ ಹೊಯ್ಸಳರ ಕಾಲದ್ದು. ಲಕ್ಷ್ಮೀಕಾಂತ, ಲಕ್ಷ್ಮೀನರಸಿಂಹ, ವೇಣುಗೋಪಾಲ ಹೀಗೆ ಮೂರು ಗರ್ಭಗುಡಿಗಳ ತ್ರಿಕೂಟ. ಆದರೆ ಊರವರು ಮೊದಲು ತೋರಿಸುವುದು ದೇವರನ್ನಲ್ಲ, ಹದಿನಾರು ಮುಖದ ಚಾವಡಿಯನ್ನು. ಇಲ್ಲಿ ಆಳುತ್ತಿದ್ದ ಭೀಮಣ್ಣನೆಂಬ ದಂಡನಾಯಕನಿಗೆ ಹದಿನಾರು ಅಳಿಯಂದಿರಂತೆ. ಹಬ್ಬಕ್ಕೆ ಬಂದವರೆಲ್ಲರಿಗೂ ಮೊದಲ ಮಣೆಯೇ ಬೇಕು. ಯಾರನ್ನು ಮುಂದೆ ಕೂರಿಸಿದರೂ ಉಳಿದವರ ಮುಖ ಊದಿಕೊಳ್ಳುತ್ತಿತ್ತು. ಕೊನೆಗೆ ಮಾವ ಒಬ್ಬೊಬ್ಬರಿಗೆ ಒಂದೊಂದು ಮುಖ ಬರುವ ಹಾಗೆ ಚಾವಡಿ ಕಟ್ಟಿಸಿದ. ಮೊದಲನೆಯವನೂ ಇಲ್ಲ, ಕೊನೆಯವನೂ ಇಲ್ಲ.

ಕಥೆ ನಿಜವೋ ಸುಳ್ಳೋ, ಮಾವನ ಸಂಕಟವಂತೂ ಅಪ್ಪಟ ನಿಜ. ಮದುವೆಯ ಸಂಬಂಧಗಳಿಂದಲೇ ನಾಡು ಕಟ್ಟುತ್ತಿದ್ದ ಕಾಲದಲ್ಲಿ ಅಳಿಯನೆಂದರೆ ಬರೀ ನೆಂಟನಲ್ಲ, ಬೆನ್ನಿಗೆ ನಿಲ್ಲುವ ಪಾಳೆಯಗಾರ. ಇದೇ ತಾಲ್ಲೂಕಿನ ‘ಹದಿನಾರು’ ಎಂಬ ಹೆಸರಿನ ಗ್ರಾಮವನ್ನೇ ನೋಡಿ. ಅಲ್ಲಿನ ರಾಜಕುಮಾರಿಯನ್ನು ಕಾರುಗಹಳ್ಳಿಯ ಮಾರನಾಯಕನ ಕೈಯಿಂದ ಬಿಡಿಸಿ ಮದುವೆಯಾದ ಯದುರಾಯನಿಂದ 1399ರಲ್ಲಿ ಮೈಸೂರು ಒಡೆಯರ ವಂಶ ಶುರುವಾಯಿತು ಎನ್ನುತ್ತದೆ ಪರಂಪರೆ. ಮೈಸೂರು ಅರಸೊತ್ತಿಗೆಯೇ ಅಳಿಯನೊಬ್ಬನಿಂದ ಹುಟ್ಟಿದ್ದು!

ಪಕ್ಕದ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿರುವುದೂ ತ್ರಿಕೂಟವೇ. 1268ರಲ್ಲಿ ಸೋಮ ದಂಡನಾಯಕ ಕಟ್ಟಿಸಿದ ಆ ಕೇಶವ ದೇವಾಲಯಕ್ಕೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಯುನೆಸ್ಕೊ ಮಾನ್ಯತೆಯೂ ಸಿಕ್ಕಿದೆ. ಹೆಡತಲೆಗೆ ಆ ಭಾಗ್ಯವಿಲ್ಲ. ಗೋಡೆ ತುಂಬ ಶಿಲ್ಪ ಹುಡುಕುವವರಿಗೆ ಇಲ್ಲಿ ನಿರಾಸೆಯಾದೀತು. ಕಂಬಗಳ ನಡುವೆ ಕೂತು ಹರಟುವ ಮನಸ್ಸಿದ್ದವರಿಗೆ ಈ ಚಾವಡಿಯೇ ಮೇಲು ಎಂಬುದು ನನ್ನ ಲೆಕ್ಕ.

ಇನ್ನು ಹೊಟ್ಟೆಪಾಡು. ಈ ಸೀಮೆಯ ಬದುಕೆಲ್ಲ ಕಪಿಲೆಯ, ಅಂದರೆ ಕಬಿನಿಯ ನೀರಿನದು. ಹುಲ್ಲಹಳ್ಳಿ, ರಾಂಪುರದ ಹಳೆಯ ನಾಲೆಗಳು ಮೊದಲು, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆ ಆಮೇಲೆ ಬಯಲನ್ನು ಭತ್ತ, ಕಬ್ಬಿನ ಗದ್ದೆ ಮಾಡಿದವು. ತಾಲ್ಲೂಕಿಗೆ ಹೆಸರು ತಂದ ಬೆಳೆ ಮಾತ್ರ ರಸಬಾಳೆ. ಸುಲಿಯುವ ಮುಂಚೆಯೇ ಮನೆಯೆಲ್ಲ ಘಮ್ಮೆನ್ನುವ ಹಣ್ಣು. ಪನಾಮಾ ಸೊರಗು ರೋಗ ತಗುಲಿ ತೋಟಗಳು ಒಂದೊಂದಾಗಿ ಮಾಯವಾದವು. ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ ನಿಜ, ಆದರೆ ಮಾನ್ಯತೆ ಬಂದ ಮಾತ್ರಕ್ಕೆ ಗೊನೆ ಬಿಡುವುದಿಲ್ಲ. ರೋಗವಿಲ್ಲದ ಕಂದು ರೈತನ ಕೈಗೆ ಸಿಗಬೇಕು.

ಬೇಸಾಯದ ಆಚೆಯ ಕಸುಬಿಗೆ ಬಂದರೆ, ಗಾಂಧಿಯುಗದ ನೂಲಿನ ನಂಟು ಇದೇ ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕಿದೆ. ರಂಗಕರ್ಮಿ ಪ್ರಸನ್ನ 2015ರಲ್ಲಿ ಅಲ್ಲಿಯೇ ಸುಸ್ಥಿರ ಬದುಕಿನ ಸತ್ಯಾಗ್ರಹ ನಡೆಸಿದರು. ಮೈಸೂರು ರೇಷ್ಮೆ ಸೀರೆಗೆ ಬೇಕಾದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ತಿ. ನರಸೀಪುರದಲ್ಲಿದೆ. ಇವೆರಡಕ್ಕಿಂತ ಹೆಚ್ಚಾಗಿ ಇವತ್ತಿನ ಹುಡುಗರನ್ನು ಸೆಳೆಯುವುದು ನಂಜನಗೂಡಿನ ಕೈಗಾರಿಕಾ ಪ್ರದೇಶ. ಕಾಫಿ ಪುಡಿಯಿಂದ ಪೇಂಟಿನವರೆಗೆ ಅಲ್ಲಿ ತಯಾರಾಗದ್ದು ಕಡಿಮೆ. ಪಾಳಿ ಕೆಲಸದ ಸಂಬಳ ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಭತ್ತದ ದುಡ್ಡಿಗೆ ಆ ನಿಯತ್ತಿಲ್ಲ.

ನಂಜನಗೂಡಿಗೆ ಹೋದವರು ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನಿಗೆ ಕೈಮುಗಿದು ಬಂದ ದಾರಿಯಲ್ಲೇ ಮೈಸೂರಿಗೆ ತಿರುಗುತ್ತಾರೆ. ಮುಂದಿನ ಸಲ ಹಾಗೆ ಮಾಡಬೇಡಿ, ಅರ್ಧ ದಿನ ಕೈಯಲ್ಲಿಟ್ಟುಕೊಂಡು ಹೆಡತಲೆಗೂ ಹೋಗಿ. ಅಳಿಯಂದಿರನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.